75,000 ರೂಪಾಯಿಗೆ ಓದಿಗೂ ಆಟಕ್ಕೂ ಆಗುವ ಲ್ಯಾಪ್‌ಟಾಪ್: ಅಂಗಡಿಯಲ್ಲಿ ಎಂತ ಕೇಳ್ಬೇಕು?

ಪೆರ್ಲದ ಮಾವ:
ತಂಗಿಯ ಮಗನಿಗೆ ನಮ್ಮ ಕಾಸರಗೋಡಿನ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್. ಲ್ಯಾಪ್‌ಟಾಪ್ ತೆಗೀಬೇಕು. ಬಜೆಟ್ 75,000, ತೀರಾ ಅನಿವಾರ್ಯ ಆದ್ರೆ 80,000. ಬಾಯಲ್ಲಿ ಹೇಳುದು ಓದ್ಲಿಕ್ಕೆ ಅಂತ, ಆದ್ರೆ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಮೂರೂ ಓಡ್ಬೇಕಂತೆ. ಹಾಸ್ಟೆಲ್ ಇಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುದು. ಮನೆಯಲ್ಲಿ ಇನ್ವರ್ಟರ್ ಉಂಟು, ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆಲ್ಲ ಗೊತ್ತುಂಟು. ಅಂಗಡಿಗೆ ಹೋದ್ರೆ "ಆರ್‌ಟಿಎಕ್ಸ್ ಉಂಟು, ಗೇಮಿಂಗ್ ಪೀಸ್" ಅಂತ ಒಂದೇ ಮಾತು. ನಾನು ಎಂತ ಕೇಳ್ಬೇಕು, ಎಂತ ನೋಡ್ಬೇಕು, ಅದನ್ನು ಹೇಳಿ.

ಸೀತಾಂಗೋಳಿ ಸರ್ಕ್ಯೂಟ್:
ಮಾವ, ಆರ್‌ಟಿಎಕ್ಸ್ ಅನ್ನುವುದು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳ ಮನೆತನದ ಹೆಸರು. ಅದರೊಳಗೆ ಯಾರು ಅಂತ ಕೇಳ್ಬೇಕು. 2050, 3050, 4050, 5050 ಎಲ್ಲವೂ ಆರ್‌ಟಿಎಕ್ಸೇ.

ಕಾರ್ಡಿನ ಹೆಸರು ಗೊತ್ತಾದ ಮೇಲೆ ಕೇಳ್ಬೇಕಾದ ಎರಡನೇ ಪ್ರಶ್ನೆಯನ್ನು ನೂರಕ್ಕೆ ತೊಂಬತ್ತು ಜನ ಕೇಳುದೇ ಇಲ್ಲ: ಎಷ್ಟು ವ್ಯಾಟ್? ಲ್ಯಾಪ್‌ಟಾಪಿನ 4050 ಕಾರ್ಡನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದ್ರೂ ಕಟ್ಟಿ ಹಾಕ್ಲಿಕ್ಕೆ ಎನ್‌ವಿಡಿಯಾ ಕಂಪೆನಿ ತಯಾರಕರಿಗೆ ಬಿಟ್ಟುಕೊಟ್ಟಿದೆ. ತೆಳ್ಳಗಿನ ಮೈಯಲ್ಲಿ 45 ವ್ಯಾಟಿಗೆ ಕಟ್ಟಿಹಾಕಿದ 4050, ದಪ್ಪ ಮೈಯಲ್ಲಿ 95 ವ್ಯಾಟ್ ಕುಡಿಯುವ 4050 ಎರಡರ ಮೇಲೂ ಅಂಟಿಸುವ ಸ್ಟಿಕ್ಕರ್ ಒಂದೇ. ಆಟಕ್ಕೆ ಕೂತಾಗ ಮಾತ್ರ ಅದು ಬೇರೆ, ಇದು ಬೇರೆ.

ಅಂಗಡಿಯಲ್ಲಿ ಡೆಮೋ ಪೀಸ್ ಇದ್ರೆ ನೋಡುವ ಕ್ರಮ ಹೀಗೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ಎಡಗಡೆ ಕೆಳಗಿನ ಮೂಲೆಯಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಸಣ್ಣ ಅಕ್ಷರದಲ್ಲಿ ಉಂಟು, ಅದನ್ನು ಒತ್ತಿ. ಪಟ್ಟಿಯಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಒಂದು ಸಾಲು. ಅಲ್ಲಿ ಕಾಣುವ ಅಂಕೆಯೇ ಸತ್ಯ. ಡೈನಾಮಿಕ್ ಬೂಸ್ಟ್, ಅಂದ್ರೆ ಪ್ರೊಸೆಸರಿನ ಪಾಲಿನಿಂದ ಕಾರ್ಡಿಗೆ ಸರಿಸಿ ಕೊಡುವ ಸಾಮಾನ್ಯವಾಗಿ 15 ವ್ಯಾಟೂ ಅದರಲ್ಲೇ ಸೇರಿರ್ತದೆ. ಹಾಗಾಗಿ 95 ಅಂತ ಇದ್ರೆ 80ಕ್ಕೆ 15 ಕೂಡಿಸಿದ್ದು ಅಂತ ಓದಿಕೊಳ್ಳಿ. ಡೆಮೋ ಇಲ್ಲದಿದ್ರೆ ಅಡಾಪ್ಟರ್ ನೋಡಿ. ಅದರ ಬೆನ್ನಲ್ಲಿ 120 ವ್ಯಾಟ್ ಅಂತ ಇದ್ರೆ ಕಾರ್ಡಿಗೆ ಹೆಚ್ಚು ಸಿಗುದಿಲ್ಲ, ಪ್ರೊಸೆಸರ್, ಸ್ಕ್ರೀನ್, ಫ್ಯಾನ್ ಎಲ್ಲರೂ ಅದೇ ಬಟ್ಟಲಿನಿಂದ ಉಣ್ಬೇಕಲ್ಲ. 170 ವ್ಯಾಟಿನಿಂದ ಮೇಲೆ ಇದ್ರೆ ಕಾರ್ಡಿಗೆ ಉಸಿರಾಡ್ಲಿಕ್ಕೆ ಜಾಗ ಉಂಟು ಅಂತ ಅರ್ಥ.

ನಿಮ್ಮ ಹಣಕ್ಕೆ ಗುರಿ: 80 ವ್ಯಾಟಿಗೆ ಕಡಿಮೆ ಇಲ್ಲದ 4050. ಅದು ಸಿಗದಿದ್ರೆ ಕಾರ್ಡಿನ ಸ್ವಂತ ಮೆಮೊರಿ 6 ಜಿಬಿ ಇರುವ 3050. ನಾಲ್ಕು ಜಿಬಿಯ 3050 ಮತ್ತು 2050 ಕಡೆಗೆ ತಲೆ ಹಾಕ್ಬೇಡಿ. 5050ಗೆ 8 ಜಿಬಿ ಮೆಮೊರಿ ಉಂಟು, ಓಣಂ ಅಥವಾ ದೀಪಾವಳಿ ಸೇಲ್‌ನಲ್ಲಿ ಕೈಗೆ ಎಟಕಿದ್ರೆ ಬಿಡ್ಲಿಕ್ಕಿಲ್ಲ.

ಕುಂಬಳೆ ಕೋಟೆ:
ಪ್ರೊಸೆಸರ್ ವಿಷಯ ನಾನು ಹೇಳ್ತೇನೆ. "ಐ7 ಉಂಟು" ಅಂದ ಕೂಡಲೆ ಬಾಯಿ ಬಿಡ್ಬೇಡಿ, ಕೊನೆಯ ಅಕ್ಷರ ನೋಡಿ. ಐ7-1355ಯು ಅನ್ನುವುದರಲ್ಲಿ ದೊಡ್ಡ ಕೋರ್ (ಲೆಕ್ಕ ಮಾಡುವ ಭಾಗ) ಎರಡೇ, ಉಳಿದ 8 ಸಣ್ಣವು. ಐ5-12450ಎಚ್ ಅನ್ನುವುದರಲ್ಲಿ ದೊಡ್ಡದು 4, ಸಣ್ಣದು 4. ಆಟಕ್ಕೆ ಕೆಲಸಕ್ಕೆ ಬರುದು ದೊಡ್ಡ ಕೋರು. ಇಲ್ಲಿ ಐ5 ಗೆಲ್ತದೆ. ಯು ಅಂದ್ರೆ ಕಡಿಮೆ ವಿದ್ಯುತ್ತಿನದ್ದು, ಎಚ್ ಅಂದ್ರೆ ದುಡಿಯುವಂಥದ್ದು, ಎಚ್‌ಎಕ್ಸ್ ಅಂದ್ರೆ ಇನ್ನೂ ಮೇಲಿನದ್ದು, ಬ್ಯಾಟರಿಯನ್ನೂ ಹಾಗೆಯೇ ತಿಂತದೆ. 13ನೇ ತಲೆಮಾರು ಅಂತ ಮಾರುವ 13420ಎಚ್ ಕೂಡ ಲೆಕ್ಕಕ್ಕೆ 4 ಮತ್ತು 4 ಕೋರು, 12 ಥ್ರೆಡ್ಡು. 12450ಎಚ್‌ಗಿಂತ ಅದಕ್ಕೆ ನಾಲ್ಕೈದು ಸಾವಿರ ಹೆಚ್ಚು ಕೇಳಿದ್ರೆ ಕೊಡ್ಲಿಕ್ಕೆ ಕಾರಣ ಇಲ್ಲ.

ಎಎಮ್‌ಡಿಯಲ್ಲಿ ಮೋಸ ಹೋಗುದು ಬೇರೆ ಕಡೆ. 7000 ಸರಣಿಯಲ್ಲಿ ಮೂರನೇ ಅಂಕೆ ನೋಡ್ಬೇಕು, ಅದು ಒಳಗಿನ ವಿನ್ಯಾಸ ಎಷ್ಟು ಹಳೆಯದು ಅಂತ ಹೇಳ್ತದೆ. 7520ಯು ಅಂದ್ರೆ ಝೆನ್ 2, ಅಜ್ಜನ ಕಾಲದ್ದು. 7735ಎಚ್‌ಎಸ್ ಅಂದ್ರೆ ಝೆನ್ 3 ಪ್ಲಸ್. 7840ಎಚ್‌ಎಸ್ ಅಂದ್ರೆ ಝೆನ್ 4. ಮೂರರ ಮುಂದೆಯೂ 7 ಅಂತಲೇ ಉಂಟು, ಅಂಗಡಿಯವರು ಮೂರನ್ನೂ "ಹೊಸ ಸೀರೀಸ್" ಅಂತಲೇ ಹೇಳ್ತಾರೆ. ಆಟಕ್ಕೆ 7735 ಸಾಕೇ ಸಾಕು, ಹಳೆಯದ್ದಕ್ಕೆ ಹೊಸದರ ಹಣ ಕೊಡ್ಬೇಡಿ ಅಂತ ಅಷ್ಟೆ.

ಪೆರ್ಲದ ಮಾವ:
ಎರಡು ಚೀಟಿ ಕೈಯಲ್ಲುಂಟು. ಒಂದು: ಐ5-12450ಎಚ್, 3050 4 ಜಿಬಿ, ರ‍್ಯಾಮ್ 8, ಎಸ್‌ಎಸ್‌ಡಿ 512, ಬೆಲೆ 62,000. ಇನ್ನೊಂದು: ರೈಜನ್ 7 7435ಎಚ್‌ಎಸ್, 4050, ರ‍್ಯಾಮ್ 16, ಎಸ್‌ಎಸ್‌ಡಿ 512, ಬೆಲೆ 77,000. ಎರಡನೆಯದ್ದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬರುದಿಲ್ಲ ಅಂತ ಯಾರೋ ಹೆದರಿಸಿದ್ರು. ಹೌದಾ?

ಸೀತಾಂಗೋಳಿ ಸರ್ಕ್ಯೂಟ್:
ಹೌದು. ಕಾರಣ ಉಂಟು. 7435ಎಚ್‌ಎಸ್‌ನ ಒಳಗೆ ಸ್ವಂತ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಬೇರೆ ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ಓದುವಾಗ, ಕೋಡ್ ಬರೆಯುವಾಗ ಎನ್‌ವಿಡಿಯಾ ಕಾರ್ಡು ಪೂರ್ತಿ ನಿದ್ದೆ ಹೋಗ್ತದೆ, ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ಸ್ಕ್ರೀನ್ ನೋಡಿಕೊಳ್ತದೆ. ಆಗ ಇಡೀ ಲ್ಯಾಪ್‌ಟಾಪ್ ಎಳೆಯುದು ಅಂದಾಜು 10ರಿಂದ 12 ವ್ಯಾಟ್. ಬ್ಯಾಟರಿ 57 ವ್ಯಾಟ್-ಅವರ್ ಇದ್ರೆ ಸುಮಾರು 5 ಗಂಟೆ. 7435ರಲ್ಲಿ ಒಂದು ಅಕ್ಷರ ಟೈಪ್ ಮಾಡ್ಲಿಕ್ಕೂ ಎನ್‌ವಿಡಿಯಾ ಎಚ್ಚರ ಇರ್ಬೇಕು. 20 ವ್ಯಾಟ್ ದಾಟ್ತದೆ, ಎರಡೂವರೆ ಗಂಟೆ ಬಂದ್ರೆ ಪುಣ್ಯ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬರುವ ಹುಡುಗನಿಗೆ ಅದು ಸಾಲುದಿಲ್ಲ, ಲ್ಯಾಬಿನಲ್ಲಿ ಪ್ಲಗ್ ಪಾಯಿಂಟ್ ಹುಡುಕ್ಬೇಕು.

ಆಟದಲ್ಲಿ ಮಾತ್ರ ಅದೇ ಒಂದು ಸಣ್ಣ ಲಾಭ. ಸ್ಕ್ರೀನು ನೇರ ಎನ್‌ವಿಡಿಯಾಕ್ಕೇ ಜೋಡಿಸಿರ್ತದೆ. ಬೇರೆ ಮಾಡೆಲ್‌ಗಳಲ್ಲಿ ಮಕ್ಸ್ ಸ್ವಿಚ್ ಉಂಟಾ ಅಂತ ಕೇಳ್ಬೇಕು. ಅದಿಲ್ಲದಿದ್ರೆ ಚಿತ್ರ ಎನ್‌ವಿಡಿಯಾದಿಂದ ಹೊರಟು ಒಳಗಿನ ಗ್ರಾಫಿಕ್ಸಿನ ಮೂಲಕ ಸುತ್ತಿ ಬರ್ತದೆ. ಜಿಟಿಎಯಲ್ಲಿ ಅಷ್ಟು ಗೊತ್ತಾಗುದಿಲ್ಲ, ಸೆಕೆಂಡಿಗೆ 200 ಫ್ರೇಮ್ ಓಡುವ ವ್ಯಾಲೊರಂಟಿನಲ್ಲಿ ಗೊತ್ತಾಗ್ತದೆ.

ಮೊದಲನೇ ಚೀಟಿ ಹರಿದು ಬಿಸಾಡಿ. 4 ಜಿಬಿ ತುಂಬಿದ ಕೂಡಲೆ ಕಾರ್ಡು ರ‍್ಯಾಮ್‌ನಿಂದ ಸಾಲ ತರ್ಲಿಕ್ಕೆ ಶುರು ಮಾಡ್ತದೆ, ಆಟ ನಡುವೆ ನಡುವೆ ಕಚ್ಚಿ ಹಿಡಿದ ಹಾಗೆ ನಿಲ್ತದೆ. ಎರಡನೆಯದ್ದರಲ್ಲಿ ಪ್ರೊಸೆಸರ್ ಮಾತ್ರ ಬೇರೆ ಕೇಳಿ: ಅದೇ 4050, 7535ಎಚ್‌ಎಸ್ ಅಥವಾ 7735ಎಚ್‌ಎಸ್ ಅಥವಾ 13420ಎಚ್ ಇರುವ ಮಾಡೆಲ್.

ಬಾಯಾರಿನ ಬೈಟು:
ರ‍್ಯಾಮ್ ಬಗ್ಗೆ ಯಾರೂ ಎತ್ತಲಿಲ್ಲ. ಮೊದಲು "8 ಜಿಬಿ ತೆಗೆದು ಆಮೇಲೆ ಇನ್ನೊಂದು ಹಾಕಿಸಿ" ಅಂತ ಹೇಳುದು ಬುದ್ಧಿವಂತಿಕೆ ಆಗಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೇಲೆ ಹೋದ ಪರಿ ನೋಡಿದ್ರೆ ಈಗ ಆ ಲೆಕ್ಕ ತಲೆಕೆಳಗು. ಬರುವಾಗಲೇ 16 ಇರುವುದನ್ನು ತೆಗೀರಿ. ಆಂಡ್ರಾಯ್ಡ್ ಸ್ಟುಡಿಯೋ, ಅದರ ಎಮ್ಯುಲೇಟರ್, ಕ್ರೋಮ್‌ನಲ್ಲಿ ಹತ್ತು ಟ್ಯಾಬು ಒಟ್ಟಿಗೆ ತೆರೆದ್ರೆ 8 ಜಿಬಿ ಉಸಿರು ಕಟ್ತದೆ. ಆಟದ ಮಾತು ಆಮೇಲೆ.

16 ಅಂದ್ರೂ ಒಂದೇ ತುಂಡಾ, 8ರ ಎರಡು ತುಂಡಾ ಅಂತ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿದ್ರೆ ಸ್ಲಾಟ್ಸ್ ಯೂಸ್ಡ್ ಅಂತ ಕಾಣ್ತದೆ. 2ರಲ್ಲಿ 1 ಅಂತ ಇದ್ರೆ ಒಂದು ತುಂಡು, ಒಂದು ಜಾಗ ಖಾಲಿ. "ಡಿಡಿಆರ್5 ಒಂದೇ ತುಂಡಿನಲ್ಲಿ ಡ್ಯುಯಲ್ ಚಾನೆಲ್ ಆಗ್ತದೆ" ಅಂತ ಕೆಲವು ಅಂಗಡಿಯಲ್ಲಿ ಹೇಳ್ತಾರೆ. ಅರ್ಧ ಸತ್ಯ. ತುಂಡಿನೊಳಗೆ 32 ಬಿಟ್ಟಿನ ಎರಡು ಹಾದಿ ಇರುದು ಹೌದು, ಕೂಡಿಸಿದ್ರೆ ಆಗುದು ಹಳೆಯ 64 ಬಿಟ್ಟೇ. ಎರಡು ತುಂಡು ಹಾಕಿದ್ರೆ 128. ಬೇರೆ ಕಾರ್ಡು ಇಲ್ಲದ ಲ್ಯಾಪ್‌ಟಾಪಿನಲ್ಲಿ ಈ ವ್ಯತ್ಯಾಸ ಹಗಲು ರಾತ್ರಿಯ ಹಾಗೆ. ಇಂಟೆಲ್ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಒಂದೇ ತುಂಡು ರ‍್ಯಾಮ್ ಇದ್ರೆ ತನ್ನ ಹೆಸರನ್ನೇ ಯುಎಚ್‌ಡಿ ಅಂತ ತೋರಿಸ್ತದೆ!

ಅದೇ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು ರೋ ಆಫ್ ಚಿಪ್ಸ್ ಅಂತ ಇದ್ರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಮುಂದೆ ಬದಲಿಸ್ಲಿಕ್ಕೆ ಆಗುದಿಲ್ಲ. ಎಸ್‌ಒಡಿಮ್ ಅಂತ ಇದ್ರೆ ಕಳಚ್ಲಿಕ್ಕೆ ಆಗ್ತದೆ. ಮುಂದೆ ಹಾಕಿಸುವಾಗ ಡಿಡಿಆರ್4 ತುಂಡು ಡಿಡಿಆರ್5 ಜಾಗದಲ್ಲಿ ಕೂರುದಿಲ್ಲ, ನಡುವಿನ ಕಚ್ಚು ಬೇರೆ ಕಡೆ ಉಂಟು, ಒತ್ತಿ ಕೂರಿಸ್ಲಿಕ್ಕೆ ಹೋದ್ರೆ ಸ್ಲಾಟೇ ಮುರೀತದೆ.

ಎಸ್‌ಎಸ್‌ಡಿ 512 ಅಂದ್ರೆ ವಿಂಡೋಸ್‌ನಲ್ಲಿ 476 ಅಂತಲೇ ಕಾಣುದು, ಅಂಗಡಿಯವನು ಕದ್ದದ್ದಲ್ಲ, ಎಣಿಸುವ ಕ್ರಮ ಬೇರೆ. ಜಿಟಿಎ 5ಕ್ಕೆ 120 ಜಿಬಿ, ಕೌಂಟರ್ ಸ್ಟ್ರೈಕ್ 2ಕ್ಕೆ 85, ವಿಂಡೋಸ್ ಮತ್ತು ಅದರ ಬಾಲಂಗೋಚಿಗೆ 60 ಹಿಡಿದ್ರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯ್ತು. ಎರಡನೇ ಎಂ.2 ಸ್ಲಾಟ್ (ಇನ್ನೊಂದು ಎಸ್‌ಎಸ್‌ಡಿ ಹಾಕುವ ಜಾಗ) ಖಾಲಿ ಉಂಟಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಮಧೂರಿನ ಅಕ್ಕ:
ಸ್ಕ್ರೀನ್ ನೋಡದೆ ತೆಗೀಬೇಡಿ. ಈ ಬೆಲೆಯಲ್ಲಿ ಎಲ್ಲರೂ 144 ಹರ್ಟ್ಸ್ ಕೊಡ್ತಾರೆ, ಉಳಿತಾಯ ಮಾಡುದು ಬಣ್ಣದಲ್ಲಿ. ವಿವರಣೆಯಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ ಅಂತ ಇದ್ರೆ ಕೆಂಪು ಬಣ್ಣ ಮುರಕಲ್ಲಿನ ಹಾಗೆ ಮಂಕಾಗಿ ಕಾಣ್ತದೆ. 100 ಶೇಕಡಾ ಎಸ್‌ಆರ್‌ಜಿಬಿ ಅಂತ ಇದ್ರೆ ಒಳ್ಳೆದು. ಬೆಳಕು 250 ನಿಟ್ಸ್ ಆದ್ರೆ ಕೋಣೆಯೊಳಗೆ ಸಾಕು, ಜಗಲಿಯಲ್ಲಿ ಹಗಲು ಕೂತ್ರೆ ಮುಖ ಮಾತ್ರ ಕಾಣುದು. 300ಕ್ಕೆ ಕಡಿಮೆ ಬೇಡ. ಒಂದೇ ಮಾಡೆಲಿನಲ್ಲಿ ಎರಡು ಬಗೆಯ ಸ್ಕ್ರೀನ್ ಬರುದುಂಟು, ಪೆಟ್ಟಿಗೆಯ ಮೇಲಿನ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪೆನಿಯ ಜಾಲತಾಣದಲ್ಲಿ ನೋಡಿದ್ರೆ ಮಾತ್ರ ಗೊತ್ತಾಗ್ತದೆ.

ಬಾಳೆಲೆ:
ಎಲ್ಲರೂ ಒಂದೇ ದಿಕ್ಕಿಗೆ ಓಡ್ತಾ ಇದ್ದೀರಿ. ಹುಡುಗ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗುವವ. ಗೇಮಿಂಗ್ ಲ್ಯಾಪ್‌ಟಾಪ್ 2.3 ಕಿಲೋ, ಅಡಾಪ್ಟರ್ ಮುಕ್ಕಾಲು ಕಿಲೋ, ಪುಸ್ತಕ, ಬುತ್ತಿ, ಕೊಡೆ ಬೇರೆ. ಅವನು ಹೇಳಿದ ಮೂರು ಆಟಕ್ಕೂ ಎನ್‌ವಿಡಿಯಾ ಕಾರ್ಡೇ ಬೇಕು ಅಂತ ಇಲ್ಲ. 7840ಎಚ್‌ಎಸ್‌ನ ಒಳಗಿರುವ ರೇಡಿಯಾನ್ 780ಎಂ ಗ್ರಾಫಿಕ್ಸ್, 16 ಜಿಬಿ ರ‍್ಯಾಮ್ ಎರಡು ಹಾದಿಯಲ್ಲಿ ಕೊಟ್ರೆ, ವ್ಯಾಲೊರಂಟ್ ಸಲೀಸು. ಜಿಟಿಎ 5, ಕೌಂಟರ್ ಸ್ಟ್ರೈಕ್ ಸೆಟ್ಟಿಂಗ್ ಇಳಿಸಿ ಆಡಿದ್ರೆ ಸಾಕು. ಭಾರ ಒಂದೂವರೆ ಕಿಲೋ, ಚಾರ್ಜರ್ ಟೈಪ್-ಸಿ, ಬ್ಯಾಟರಿ ಇಡೀ ದಿನದ ಕ್ಲಾಸಿಗೆ ಬರ್ತದೆ. ಇಲ್ಲದಿದ್ರೆ ಸಾದಾ ಲ್ಯಾಪ್‌ಟಾಪ್ ತೆಗೆದು, ಉಳಿದ ಹಣಕ್ಕೆ ಮನೆಯಲ್ಲಿ ಡೆಸ್ಕ್‌ಟಾಪ್ ಇಡಿ.

ಸೀತಾಂಗೋಳಿ ಸರ್ಕ್ಯೂಟ್:
780ಎಂ ಮಾತು ಒಪ್ಪಿದೆ ಭಾವ. ಮೂರೇ ಆಟ ಅಂತ ಖಡಾಖಂಡಿತ ಆದ್ರೆ ಅದೇ ಒಳ್ಳೆದು. ಆದ್ರೆ ಎರಡನೇ ವರ್ಷಕ್ಕೆ ಬರುವಾಗ ಹುಡುಗರ ಪಟ್ಟಿ ಮೂರರಲ್ಲಿ ನಿಲ್ಲುದಿಲ್ಲ. ಮಷೀನ್ ಲರ್ನಿಂಗ್ ಪ್ರಾಜೆಕ್ಟಿಗೆ ಕೂಡಾ ಎನ್‌ವಿಡಿಯಾದ ಕುಡಾ (ಕಾರ್ಡಿನಲ್ಲೇ ಲೆಕ್ಕ ಓಡಿಸುವ ವ್ಯವಸ್ಥೆ) ಇದ್ದವನಿಗೆ ದಾರಿ ಸುಲಭ. ಡೆಸ್ಕ್‌ಟಾಪ್ ಮಾತು ಈ ಬಜೆಟ್ಟಿನಲ್ಲಿ ಬೇಡ. ಯುಪಿಎಸ್ ಇಲ್ಲದೆ ನಮ್ಮ ಊರಿನಲ್ಲಿ ಡೆಸ್ಕ್‌ಟಾಪ್ ಅಂದ್ರೆ ದಿನಕ್ಕೆ ನಾಲ್ಕು ಸಲ ರೀಸ್ಟಾರ್ಟ್. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್.

ಕುಂಬಳೆ ಕೋಟೆ:
ಇನ್ನೊಂದು ವಿಷಯ, ವಿಂಡೋಸ್‌ನ ಬದಲಿಗೆ ಓಡುವ ಲಿನಕ್ಸ್, ಅದರಲ್ಲೂ ಉಬುಂಟು. ಇಲ್ಲಿನ ಶಾಲೆಯಲ್ಲಿ ಕಲಿತ ಮಕ್ಕಳು, ಕನ್ನಡ ಮಾಧ್ಯಮದವರೂ ಸೇರಿ, ಹತ್ತನೇ ಕ್ಲಾಸಿನವರೆಗೆ ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ ಕೈಟ್‌ನ ಉಬುಂಟುವಿನಲ್ಲೇ ಐಟಿ ಪರೀಕ್ಷೆ ಬರೆದವರು. ಇಂಜಿನಿಯರಿಂಗಿಗೆ ಬಂದ ಕೂಡಲೆ ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕಿಕೊಳ್ತಾರೆ. ಹಾಕಿದ ಮರುದಿನ "ವ್ಯಾಲೊರಂಟ್ ತೆರೆಯುದಿಲ್ಲ" ಅಂತ ಬೊಬ್ಬೆ. ಕಾರಣ ಒಂದೇ: ಯೂಟ್ಯೂಬ್ ನೋಡಿ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಶುರುವಿನಲ್ಲೇ ಏಳದ ಹಾಗೆ ತಡೆಯುವ ಬೀಗ) ಆಫ್ ಮಾಡಿರ್ತಾರೆ. ವಿಂಡೋಸ್ 11ರಲ್ಲಿ ವ್ಯಾಲೊರಂಟಿನಲ್ಲಿ ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ಕಾವಲುಗಾರನಿಗೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಇರ್ಬೇಕು. ಉಬುಂಟುವಿಗೆ ಅದನ್ನು ಆಫ್ ಮಾಡುವ ಅಗತ್ಯವೇ ಇಲ್ಲ.

ಸರಿಯಾದ ಕ್ರಮ ಹೇಳ್ತೇನೆ. ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್ಕ್ರಿಪ್ಶನ್ ಆನ್ ಉಂಟಾ ನೋಡಿ. ಇದ್ರೆ ಡಿಸ್ಕಿನ ಬೀಗ ತೆರೆಯುವ ಬಿಟ್‌ಲಾಕರ್ ರಿಕವರಿ ಕೀ, 48 ಅಂಕೆಯದ್ದು, ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಇದನ್ನು ಮಾಡದೆ ಮುಂದೆ ಹೋದವರು ನೀಲಿ ಪರದೆ ಎದುರು ಕೂತು ತಲೆ ಕೆರೆದುಕೊಳ್ತಾರೆ. ಆಮೇಲೆ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು 100 ಜಿಬಿ ಕುಗ್ಗಿಸಿ. ಉಬುಂಟು 24.04 ಹಾಕುವಾಗ ಥರ್ಡ್ ಪಾರ್ಟಿ ಡ್ರೈವರ್ ಬೇಕು ಅಂತ ಟಿಕ್ ಹಾಕಿದ್ರೆ ಅದು ಒಂದು ಪಾಸ್‌ವರ್ಡ್ ಕೇಳ್ತದೆ, ಸುಲಭದ್ದು ಕೊಡಿ, ಮರೀಬೇಡಿ. ರೀಸ್ಟಾರ್ಟ್ ಆಗುವಾಗ ನೀಲಿ ಬಣ್ಣದ ಎಂಒಕೆ ಪರದೆ ಕೆಲವು ಸೆಕೆಂಡು ಮಾತ್ರ ಬರ್ತದೆ. ಆಗ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಒತ್ತಬೇಕು. ಅದನ್ನು ತಪ್ಪಿಸಿಕೊಂಡ್ರೆ ಎನ್‌ವಿಡಿಯಾ ಡ್ರೈವರ್ ಲೋಡ್ ಆಗುದೇ ಇಲ್ಲ.

ಇಷ್ಟು ರಗಳೆ ಬೇಡ ಅಂದ್ರೆ ಡಬ್ಲ್ಯುಎಸ್‌ಎಲ್ ಸಾಕು, ವಿಂಡೋಸ್‌ನ ಒಳಗೇ ಉಬುಂಟು ಓಡ್ತದೆ. ಮೊದಲ ಎರಡು ವರ್ಷದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಕಾಗುದಿಲ್ಲ. ಮೆಕ್ಯಾನಿಕಲ್ ಹುಡುಗರಾದ್ರೆ ಲಿನಕ್ಸ್ ಮರೆತುಬಿಡಿ, ಸಾಲಿಡ್‌ವರ್ಕ್ಸ್ ವಿಂಡೋಸ್ ಬಿಟ್ಟು ಬೇರೆಲ್ಲೂ ಕೂರುದಿಲ್ಲ.

ಆಟಿಮಳೆ:
ಲ್ಯಾಪ್‌ಟಾಪ್ ಯಾವುದೇ ತೆಗೀರಿ, ಅದನ್ನು ಕೊಲ್ಲುದು ಆಟ ಅಲ್ಲ, ಗೋಡೆಯ ಪ್ಲಗ್ಗು.

ವೋಲ್ಟೇಜ್ 170ಕ್ಕೆ ಇಳಿದ್ರೆ ಹೆದರ್ಬೇಡಿ. ಅಡಾಪ್ಟರ್ ಮೇಲೆ 100-240 ಅಂತ ಬರೆದಿರ್ತದೆ, ಅದು ಎಲ್ಲದಕ್ಕೂ ಒಗ್ಗಿಕೊಳ್ತದೆ. ಸ್ಟೆಬಿಲೈಸರಿಗೆ ಹಣ ಹಾಕ್ಲಿಕ್ಕಿಲ್ಲ. ಹೆದರ್ಬೇಕಾದ್ದು ಸಿಡಿಲಿಗೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚಿನ ಸಂಜೆ ಮಳೆ, ಆಮೇಲೆ ತುಲಾ ತಿಂಗಳ ಮಳೆ, ಎರಡೂ ಗುಡುಗಿನವು. ಆಕಾಶ ಕಪ್ಪಾದ ಕೂಡಲೆ ಪ್ಲಗ್ ಕಿತ್ತಿಡ್ಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲುದಿಲ್ಲ. ಸ್ವಿಚ್ ಕಡಿಯುದು ಒಂದು ತಂತಿಯನ್ನು ಮಾತ್ರ, ಸಿಡಿಲು ನ್ಯೂಟ್ರಲ್‌ನಲ್ಲೂ ಅರ್ತ್‌ನಲ್ಲೂ ಬರ್ತದೆ. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಸಿಕ್ಕಿಸಿದ್ರೆ ಅದನ್ನೂ ತೆಗೀಬೇಕು. "ಫೈಬರ್ ಅಲ್ವಾ, ಗಾಜಿನ ನೂಲು, ಎಂತ ಆಗ್ತದೆ" ಅಂತ ಕೇಳ್ತಾರೆ. ನೂಲಿಗೆ ಎಂತ ಆಗುದಿಲ್ಲ, ಮೋಡೆಮ್‌ಗೆ ಕರೆಂಟು ಕೊಡುವ ಅಡಾಪ್ಟರ್ ಗೋಡೆಯಲ್ಲೇ ಉಂಟಲ್ಲ. ಅಲ್ಲಿಂದ ಮೋಡೆಮ್, ಮೋಡೆಮಿನಿಂದ ತಾಮ್ರದ ಲ್ಯಾನ್, ಲ್ಯಾನಿನಿಂದ ಬೋರ್ಡು. ಸಿಡಿಲಿಗೆ ಸುಟ್ಟ ಬೋರ್ಡಿಗೆ ಸಾಮಾನ್ಯ ವಾರಂಟಿ ಸಿಗುದಿಲ್ಲ.

ಚಾರ್ಜಿಗೆ ಹಾಕಿ ಲೋಹದ ಮೈ ಮುಟ್ಟಿದಾಗ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮ್ ಅಂತದಾ? ಲ್ಯಾಪ್‌ಟಾಪ್ ಹಾಳು ಅಂತ ಅಂಗಡಿಗೆ ಓಡ್ಬೇಡಿ, ಮನೆಯ ಅರ್ತ್ ನೋಡಿಸಿ. ಅಡಾಪ್ಟರಿನ ಒಳಗೆ ಗದ್ದಲ ಸೋಸ್ಲಿಕ್ಕೆ ಇಟ್ಟ ಸಣ್ಣ ಕೆಪಾಸಿಟರ್‌ಗಳಿಂದ ಒಂದಿಷ್ಟು ಸೋರಿಕೆ ಇದ್ದೇ ಇರ್ತದೆ, ಅದು ಮೂರನೇ ಕಾಲಿನಿಂದ ಭೂಮಿಗೆ ಹೋಗ್ಬೇಕು. ಅರ್ತ್ ಕಡಿದಿದ್ರೆ ನಿಮ್ಮ ಬೆರಳಿನಿಂದ ಹೋಗ್ತದೆ. ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನ ಕನ್ವರ್ಟರಿಗೆ ಹಾಕಿದ್ರೂ ಅದೇ ಕಥೆ. ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಬೇಸಗೆಗೆ ಅರ್ತ್ ಗುಂಡಿ ಒಣಗಿ ಹೋಗ್ತದೆ, ತಿಂಗಳಿಗೆರಡು ಸಲ ನೀರು ಹೊಯ್ದರೆ ಒಳ್ಳೆದು. ಸರ್ಜ್ ಪ್ರೊಟೆಕ್ಟರ್ ತೆಗೆದ್ರೂ ಅರ್ತ್ ಇಲ್ಲದಿದ್ರೆ ಅದು ಪೂರ್ತಿ ಕಾಪಾಡುದಿಲ್ಲ.

ಇನ್ವರ್ಟರ್ ಸೈನ್ ವೇವ್ ಆದ್ರೆ ತೊಂದರೆ ಇಲ್ಲ. ಸ್ಕ್ವೇರ್ ವೇವ್‌ದ್ದಾದ್ರೆ ಅಡಾಪ್ಟರ್ ಗುಂಯ್ ಅಂತದೆ, ಬಿಸಿ ಆಗ್ತದೆ, ಅದರಲ್ಲಿ ಆಟ ಆಡಿಸ್ಬೇಡಿ. ಬಿಲ್ಲಿನ ಲೆಕ್ಕವೂ ಹೇಳಿಬಿಡ್ತೇನೆ: ಆಟಕ್ಕೆ 200 ವ್ಯಾಟ್ ಹಿಡಿದು ದಿನಾ 2 ಗಂಟೆ ಅಂದ್ರೆ ತಿಂಗಳಿಗೆ 12 ಯೂನಿಟ್, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿನಲ್ಲಿ 24.

ಬಾಯಾರಿನ ಬೈಟು:
ಬಸ್ಸಿನ ಮಾತು ಬಂತಲ್ಲ, ಒಂದು ಸೆಟ್ಟಿಂಗ್ ಮೊದಲ ದಿನವೇ ಮಾಡಿ. ಈಗಿನ ಲ್ಯಾಪ್‌ಟಾಪು ಮುಚ್ಚಿದ್ರೆ ಪೂರ್ತಿ ನಿದ್ದೆ ಹೋಗುದಿಲ್ಲ, ಮೊಬೈಲಿನ ಹಾಗೆ ಅರೆನಿದ್ದೆ. ಬ್ಯಾಗಿನೊಳಗೆ ಅಪ್‌ಡೇಟ್ ಅಂತ ಎದ್ದು ಕೂತು, ಗಾಳಿ ಇಲ್ಲದೆ ಕಾದು ಕೆಂಡ ಆಗ್ತದೆ, ಕಾಲೇಜಿಗೆ ತಲುಪುವಾಗ ಬ್ಯಾಟರಿ ಖಾಲಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಮುಚ್ಚಳ ಹಾಕಿದಾಗ ಎಂತ ಮಾಡ್ಬೇಕು ಅನ್ನುವಲ್ಲಿ ಹೈಬರ್ನೇಟ್ ಇಡಿ. ತೆರೆಯುವಾಗ ಹತ್ತಿಪ್ಪತ್ತು ಸೆಕೆಂಡು ತಡ, ಅಷ್ಟೆ. ಮನೆಯಲ್ಲಿ ಯಾವಾಗಲೂ ಚಾರ್ಜಿಗೆ ಹಾಕಿ ಆಡುವವರು ಕಂಪೆನಿಯ ಆ್ಯಪ್‌ನಲ್ಲಿ ಚಾರ್ಜಿನ ಮಿತಿ 80 ಶೇಕಡಾಕ್ಕೆ ಕಟ್ಟಿ. ಬ್ಯಾಟರಿ ಉಬ್ಬುದು ನೂರು ತುಂಬಿಸಿ ಬಿಸಿಯಲ್ಲಿ ಇಟ್ಟಾಗ.

ಬಿಸಿ ತಡೀಲಿಕ್ಕೆ ಒಂದು ಉಪಾಯ. ಹಗುರದ ಆಟಕ್ಕೆ, ಓದಿಗೆ, ಪವರ್ ಪ್ಲಾನಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇದ್ದದ್ದನ್ನು 99 ಮಾಡಿ. ಒಂದು ಶೇಕಡಾ ಇಳಿಸಿದ್ದು ಅಂತ ಕಂಡ್ರೂ ಟರ್ಬೊ ನಿಲ್ತದೆ, ಬಿಸಿ ಹತ್ತಿಪ್ಪತ್ತು ಡಿಗ್ರಿ ಇಳಿದೀತು, ಫ್ಯಾನಿನ ಬೊಬ್ಬೆ ನಿಲ್ತದೆ. ಅಡಿಕೆ ಸುಲಿಯುವ ಚಾವಡಿಯಲ್ಲಿ, ಹಾಸಿಗೆ ಮೇಲೆ ಇಟ್ಟು ಆಡ್ಬೇಡಿ. ಸಿಪ್ಪೆಯ ನಾರು ಫ್ಯಾನಿನ ಎದುರಿನ ತಗಡಿನ ಹಲ್ಲಿನಲ್ಲಿ ಕಂಬಳಿ ಹೊದ್ದ ಹಾಗೆ ಕೂರ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಬ್ರಷ್ಷಿನಲ್ಲಿ ತೆಗೆಸಿ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಲ್ಲಿ ಒತ್ತಿ ಹಿಡೀಬೇಕು, ಬಿಟ್ಟರೆ ಅದು ಗಿರ್ರನೆ ತಿರುಗಿ ಬೇರಿಂಗ್ ಹೋಗ್ತದೆ.

ಮಳೆಗಾಲದಲ್ಲಿ ಕಪಾಟಿನೊಳಗೆ ಮುಚ್ಚಿಡ್ಬೇಡಿ, ಬೂಷ್ಟು ಬಟ್ಟೆಯ ಬ್ಯಾಗಿನಿಂದ ಕೀಬೋರ್ಡಿಗೆ ಇಳೀತದೆ. ರಜೆಯಲ್ಲೂ ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿದ್ರೆ ಒಳಗಿನ ತೇವ ತಾನೇ ಆರ್ತದೆ.

ಮಧೂರಿನ ಅಕ್ಕ:
ಕಾಸರಗೋಡಿನಲ್ಲಿ ತೆಗೆದ್ರೂ ತಲಪಾಡಿ ದಾಟಿ ಮಂಗಳೂರಿನಲ್ಲಿ ತೆಗೆದ್ರೂ ಜಿಎಸ್‌ಟಿ 18 ಶೇಕಡಾವೇ, ಭಾರತದೊಳಗೆ ವಾರಂಟಿಗೂ ಗಡಿ ಇಲ್ಲ. ಕೇಳ್ಬೇಕಾದ್ದು ಆನ್‌ಸೈಟ್ ಸರ್ವಿಸ್. "ಮನೆಗೇ ಬರ್ತಾರೆ" ಅಂತ ಬಾಯಲ್ಲಿ ಹೇಳಿದ್ದನ್ನು ನಂಬದೆ, 671ರಿಂದ ಶುರುವಾಗುವ ನಿಮ್ಮ ಪಿನ್ ಕೋಡ್ ಕೊಟ್ಟು ಕಂಪೆನಿಯ ಗ್ರಾಹಕ ಸೇವೆಗೆ ಹಣ ಕೊಡುವ ಮೊದಲೇ ಫೋನ್ ಮಾಡಿ. ಕೆಲವು ಕಂಪೆನಿಗೆ ಒಳನಾಡಿನ ಪಿನ್ ಪಟ್ಟಿಯಲ್ಲೇ ಇರುದಿಲ್ಲ, ಆಗ ನೀವೇ ಹೊತ್ತುಕೊಂಡು ಹೋಗ್ಬೇಕು.

ಮನೆಗೆ ತಂದ ದಿನ: ಪೆಟ್ಟಿಗೆ, ಬಿಲ್, ಲ್ಯಾಪ್‌ಟಾಪಿನ ಹೊಟ್ಟೆ, ಮೂರೂ ಕಡೆ ಸೀರಿಯಲ್ ನಂಬರ್ ಒಂದೇ ಉಂಟಾ ನೋಡಿ. ಆನ್‌ಲೈನ್ ಆದ್ರೆ ಟೇಪ್ ಕತ್ತರಿಸುವಲ್ಲಿಂದಲೇ ವಿಡಿಯೋ ತೆಗೀರಿ, ನಡುವೆ ನಿಲ್ಲಿಸ್ಬೇಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಅಂತ (powercfg /batteryreport) ಕೊಟ್ರೆ ಒಂದು ವರದಿ ಬರ್ತದೆ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡೂ ಹತ್ತಿರ ಹತ್ತಿರ ಇರ್ಬೇಕು. ಹೊಸದು ಅಂತ ಕೊಟ್ಟದ್ದರಲ್ಲಿ ಹತ್ತು ಶೇಕಡಾ ಕಡಿಮೆ ಕಂಡ್ರೆ ಅದು ಷೋಕೇಸಿನಲ್ಲಿ ಕೂತು ಮುದುಕಾದ ಪೀಸು. ಕೋಣೆ ಕತ್ತಲೆ ಮಾಡಿ ಕಪ್ಪು ಚಿತ್ರ ಹಾಕಿ ಅಂಚಿನಲ್ಲಿ ಬೆಳಕು ಸೋರ್ತದಾ ನೋಡಿ. ಬದಲಿ ಕೊಡುವ ಅವಧಿ ಕೆಲವೇ ದಿನ, ಹಾಗಾಗಿ ಎಲ್ಲ ಆ ವಾರದಲ್ಲೇ.

ಪೆರ್ಲದ ಮಾವ:
ಮಾರಾಯ್ರೆ, ಒಂದು ಪ್ರಶ್ನೆಗೆ ಇಷ್ಟು ಸಿಗ್ತದೆ ಅಂತ ಗೊತ್ತಿರ್ಲಿಲ್ಲ. 7735ಎಚ್‌ಎಸ್, 4050, 16 ಜಿಬಿ ಎರಡು ತುಂಡು ಇರುದು 79,000ಕ್ಕೆ ಕೇಳಿದ್ದೇನೆ, ವ್ಯಾಟ್ 95 ಅಂತ ಅವರೇ ತೆರೆದು ತೋರಿಸಿದ್ರು. ಒಂದೇ ಸಂಶಯ. ಅಡಾಪ್ಟರಿಗೆ ಗ್ರೈಂಡರಿನ ಹಾಗೆ ದಪ್ಪ ಕಾಲಿನ ಪ್ಲಗ್ ಉಂಟು, 16 ಆ್ಯಂಪಿಯರಿನದ್ದು. ಅಳಿಯನ ಕೋಣೆಯಲ್ಲಿ ಇರುದು ಸಣ್ಣ ಸಾಕೆಟ್. ಪ್ಲಗ್ ಕತ್ತರಿಸಿ ಸಣ್ಣದು ಹಾಕಿ ಕೊಡ್ತೇನೆ ಅಂತಾರೆ.

ಆಟಿಮಳೆ:
ಕತ್ತರಿಸ್ಬೇಡಿ ಮಾವ. ಕೆಲವು ದೊಡ್ಡ ಅಡಾಪ್ಟರಿಗೆ ಹಾಗೆ ಬರುದುಂಟು, ಆದ್ರೆ 230 ವ್ಯಾಟಿನ ಅಡಾಪ್ಟರ್ ಕೂಡಾ ಗೋಡೆಯಿಂದ ಎಳೆಯುದು ಒಂದು, ಒಂದೂವರೆ ಆ್ಯಂಪಿಯರ್ ಅಷ್ಟೆ, 6 ಆ್ಯಂಪಿಯರ್ ಸಾಕೆಟ್ ಧಾರಾಳ. ಅಡಾಪ್ಟರಿಗೆ ಸಿಕ್ಕುವ ಕಡೆಯ ತುದಿ ನೋಡಿ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಕೇಬಲಿನ ಹಾಗೆ ಮೂರು ಚಪ್ಪಟೆ ತೂತಿನದ್ದಾದ್ರೆ, ಅದೇ ಕೇಬಲ್ 6 ಆ್ಯಂಪಿಯರ್ ಪ್ಲಗ್ಗಿನೊಂದಿಗೆ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗ್ತದೆ. ಐಎಸ್‌ಐ ಗುರುತು ಇರುವುದು, ಮೂರು ಕಾಲಿನದ್ದು. ದಪ್ಪದ್ದನ್ನು ಪೆಟ್ಟಿಗೆಯಲ್ಲೇ ಇಡಿ, ಸರ್ವಿಸಿಗೆ ಕೊಡುವಾಗ ಕೇಳ್ತಾರೆ.